ಇನ್ನೊಬ್ಬರ ಬದುಕನ್ನು ಆಡುವುದು ಸರಿಯೇ?

ಮೊಬೈಲಿನಲ್ಲಿ ಒಂದು ಚಾಟ್ ತೆರೆದಿರುತ್ತದೆ. ಆ ಕಡೆ ಇರುವವಳು ನೂರ್, ಸಿರಿಯಾದ ಹೋಮ್ಸ್ ನಗರವನ್ನು ಬಿಟ್ಟು ಯುರೋಪಿನ ದಾರಿ ಹಿಡಿದ ಹೆಂಗಸು. ಈ ಕಡೆ ಅವಳ ಗಂಡ ಮಜ್ದ್. ಮನೆಯ ಹಿರಿಯರನ್ನು ಬಿಟ್ಟು ಬರಲಾಗದೆ ಊರಲ್ಲೇ ಉಳಿದವನು. ಆಡುವವರು ಮಜ್ದ್‌ನ ಜಾಗದಲ್ಲಿರುತ್ತಾರೆ. ಯಾವ ದಾರಿ ಹಿಡಿಯಲಿ, ಗಡಿ ದಾಟಿಸುತ್ತೇನೆ ಎನ್ನುವ ಈ ದಲ್ಲಾಳಿಯನ್ನು ನಂಬಲೇ, ಇರುವ ದುಡ್ಡಿನಲ್ಲಿ ಎಷ್ಟನ್ನು ಈಗಲೇ ಕೊಡಲಿ ಎಂದು ಅವಳು ಕೇಳುತ್ತಾಳೆ. ಉತ್ತರ ಕಳಿಸಿದ ಮೇಲೆ ಕೆಲವೊಮ್ಮೆ ಆ ಕಡೆಯಿಂದ ಏನೂ ಬರುವುದಿಲ್ಲ. ಅವಳು ಪ್ರಯಾಣದಲ್ಲಿದ್ದರೆ ನಿಜಕ್ಕೂ ಗಂಟೆಗಟ್ಟಲೆ ಕಾಯಬೇಕು. ಒಲೆಯ ಮುಂದೆ ನಿಂತಾಗಲೋ ಬಸ್ಸಿನಲ್ಲಿದ್ದಾಗಲೋ ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತದೆ.

ಈ ಆಟದ ಹೆಸರು ‘ಬರಿ ಮಿ, ಮೈ ಲವ್’. ಫ್ರಾನ್ಸಿನ ಪಿಕ್ಸೆಲ್ ಹಂಟ್ ಮತ್ತು ಫಿಗ್ಸ್ ಸಂಸ್ಥೆಗಳು ಆರ್ಟೆ ವಾಹಿನಿಯ ಜೊತೆ ಸೇರಿ 2017ರಲ್ಲಿ ಇದನ್ನು ಹೊರತಂದವು. ಹೆಸರು ಕೇಳಲು ಭೀಕರವಾಗಿದ್ದರೂ ಅದು ಸಿರಿಯಾದವರ ಆಡುಮಾತಿನ ಅಕ್ಕರೆಯ ಮಾತು. ನನ್ನನ್ನು ಮಣ್ಣು ಮಾಡುವವಳು ನೀನೇ ಆಗಬೇಕು, ನನಗಿಂತ ಮೊದಲು ನೀನು ಹೋಗಕೂಡದು ಎಂಬ ಅರ್ಥ ಅದಕ್ಕಿದೆ. ಆಟದ ಬೇರು ಇರುವುದು ‘ಲ ಮಾಂದ್’ ಪತ್ರಿಕೆಯಲ್ಲಿ 2015ರಲ್ಲಿ ಬಂದ ಒಂದು ವರದಿಯಲ್ಲಿ. ದಾನಾ ಎಂಬ ಸಿರಿಯನ್ ತರುಣಿ ದಾರಿಯುದ್ದಕ್ಕೂ ತನ್ನವರಿಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶಗಳ ಮೂಲಕವೇ ಪತ್ರಕರ್ತೆ ಲೂಸಿ ಸುಲಿಯೆ ಆಕೆಯ ಪಯಣವನ್ನು ನಿರೂಪಿಸಿದ್ದರು. ಹಿಂದೆ ಸ್ವತಃ ಪತ್ರಕರ್ತರಾಗಿದ್ದ ಫ್ಲೊರಾಂ ಮೊರಾಂ ಅದನ್ನು ಓದಿ ಆಟವಾಗಿಸಲು ಹೊರಟರು. ದಾನಾ ಮತ್ತು ಲೂಸಿ ಇಬ್ಬರೂ ಸಲಹೆಗಾರರಾಗಿ ಆಟದ ತಂಡದಲ್ಲಿದ್ದರು.

ಇಂಥ ಆಟಗಳ ಬಗ್ಗೆ ಒಂದು ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆ ಆ ಆಕ್ಷೇಪವನ್ನು ಚೆನ್ನಾಗಿಯೇ ಹಿಡಿದಿಡುತ್ತದೆ. ಒಬ್ಬಾಕೆ ಜೀವ ಕೈಯಲ್ಲಿ ಹಿಡಿದು ದಾಟಿದ ಸಮುದ್ರವನ್ನು ಇನ್ನೊಬ್ಬರು ಸೋಫಾದ ಮೇಲೆ ಕೂತು ಬೆರಳ ತುದಿಯಲ್ಲಿ ದಾಟುವುದು, ಸಾಕೆನಿಸಿದಾಗ ಪಕ್ಕಕ್ಕಿಡುವುದು ಸಭ್ಯತೆಯೇ? ಓದುವುದು, ನೋಡುವುದು ಬೇರೆ. ಆಡುವುದು ಎಂಬ ಕ್ರಿಯೆಯಲ್ಲೇ ಗೆಲ್ಲುವ ಆಸೆ, ಕೈಚಳಕದ ಹೆಮ್ಮೆ, ಹೊತ್ತು ಕಳೆಯುವ ಸುಖ ಸೇರಿಕೊಂಡಿವೆ. ಇವು ಯಾವುವೂ ನಿರಾಶ್ರಿತರ ದೋಣಿಯ ಬಳಿ ಸುಳಿಯಬಾರದು ಎನ್ನುವವರು ನೊಂದವರ ಘನತೆಯ ಪರವಾಗಿ ಮಾತಾಡುತ್ತಿದ್ದಾರೆ. ಅವರನ್ನು ಹೊಸದನ್ನು ಒಪ್ಪದ ಹಳಬರೆಂದು ಬದಿಗೆ ಸರಿಸುವುದು ನ್ಯಾಯವಲ್ಲ.

ಆದರೆ ಕನ್ನಡದಲ್ಲಿ ಯೋಚಿಸುವವರಿಗೆ ‘ಆಟ’ ಎಂಬ ಮಾತು ಇಷ್ಟು ಕಿರಿದಾಗಿ ಕೇಳಿಸಬೇಕಿಲ್ಲ. ಕರಾವಳಿಯವರು ಯಕ್ಷಗಾನಕ್ಕೆ ಹೋಗುವುದನ್ನು ಆಟಕ್ಕೆ ಹೋಗುವುದು ಎಂದೇ ಹೇಳುತ್ತಾರೆ. ಬಯಲಾಟ, ದೊಡ್ಡಾಟ, ಸಣ್ಣಾಟಗಳಲ್ಲಿ ಇರುವುದೂ ಅದೇ ಪದ. ಅಭಿಮನ್ಯು ಬೀಳುವಾಗ ಕಣ್ಣೊರೆಸಿಕೊಂಡ ಪ್ರೇಕ್ಷಕರು ಯಾರೂ ಅದನ್ನು ಚೆಲ್ಲಾಟವೆಂದು ಭಾವಿಸಲಿಲ್ಲ. ಪುರಾಣದ ಮಾತು ಹಾಗಿರಲಿ, ಉತ್ತರ ಕರ್ನಾಟಕದ ಹೆಸರಾಂತ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲಿ ನಿಜಕ್ಕೂ ನಡೆದ ಕೊಲೆಯೊಂದನ್ನು ಆಧರಿಸಿದ್ದೆಂದೇ ಹೇಳುತ್ತಾರೆ. ನಡೆದದ್ದನ್ನು ಆಟವಾಗಿ ಕಟ್ಟಿ, ಅದರಿಂದ ಮನುಷ್ಯರ ಮೋಹ, ಸ್ನೇಹ, ದ್ರೋಹಗಳನ್ನು ಅರಿಯುವ ದಾರಿ ನಮಗೆ ಹೊಸದಲ್ಲ. ಹಾಗಿದ್ದಮೇಲೆ ಬಯಲಿನ ಬದಲು ಪರದೆ ಬಂದಿತೆಂಬ ಒಂದೇ ಕಾರಣಕ್ಕೆ ಅದು ಅಸಭ್ಯವಾಗುವುದಿಲ್ಲ ಎಂದು ಆಟದ ಪರ ಇರುವವರು ವಾದಿಸಬಹುದು.

ಅದೇ ಉದಾಹರಣೆ ಎದುರು ಪಕ್ಷಕ್ಕೂ ಒದಗುತ್ತದೆ. ಆ ಸಣ್ಣಾಟದ ನಾಯಕಿ ಗಂಗಿಯ ಹಿಂದೆ ನಿಜವಾದ ಒಬ್ಬ ಹೆಂಗಸು ಇದ್ದಿದ್ದರೆ, ಅವಳನ್ನು ಯಾರಾದರೂ ಕೇಳಿದ್ದರೇ? ಊರೂರಿನ ಅಟ್ಟದ ಮೇಲೆ ಅವಳ ಬದುಕು ತಲೆಮಾರುಗಳ ಕಾಲ ಹಾಡಾಯಿತು. ಅವಳ ಕಡೆಯ ಮಾತು ಏನಿತ್ತೋ ಅದು ಅವಳ ಜೊತೆಗೇ ಹೋಯಿತು. ಕಲೆ ದೊಡ್ಡದಾಗಿರುವುದು ಬೇರೆ, ಆ ಬದುಕಿನ ಒಡತಿಯ ಒಪ್ಪಿಗೆ ಇರುವುದು ಬೇರೆ ಎಂಬುದನ್ನು ನಾವು ನಮ್ಮ ಆಟಗಳ ಬಗ್ಗೆಯೂ ಒಪ್ಪಿಕೊಳ್ಳಬೇಕಾಗುತ್ತದೆ.

ಇದಕ್ಕಿಂತ ತೂಕದ ಆಕ್ಷೇಪ ಬೇರೊಂದಿದೆ. ‘ಬರಿ ಮಿ, ಮೈ ಲವ್’ ಆಟಕ್ಕೆ 19 ಅಂತ್ಯಗಳಿವೆ. ಒಂದರಲ್ಲಿ ನೂರ್ ಗುರಿ ತಲುಪುತ್ತಾಳೆ, ಇನ್ನೊಂದರಲ್ಲಿ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತಾಳೆ, ಮತ್ತೊಂದರಲ್ಲಿ ಅವಳಿಂದ ಸಂದೇಶ ಬರುವುದೇ ನಿಂತುಹೋಗುತ್ತದೆ. ಎಲ್ಲ ಅಂತ್ಯಗಳನ್ನೂ ನೋಡಿಬಿಡೋಣ ಎಂದು ಮತ್ತೆ ಮೊದಲಿನಿಂದ ಶುರುಮಾಡುವ ಆಟಗಾರರಿಗೆ ಅವಳ ಸಾವು ಇನ್ನೂ ನೋಡದ ಒಂದು ಪುಟವಾಗಿಬಿಡುತ್ತದೆ. ನಿಜದ ಪಯಣಿಗರಿಗೆ ಇದ್ದದ್ದು ಒಂದೇ ಸಲ. ಮತ್ತೆ ಶುರುಮಾಡುವ ಗುಂಡಿ ಇರುವ ಯಾವ ಮಾಧ್ಯಮವೂ ಸಾವಿನ ಬಗ್ಗೆ ಪೂರ್ತಿ ನಿಜವಾಡಲಾರದು ಎಂಬ ವಾದಕ್ಕೆ ಸಮಾಧಾನಕರ ಉತ್ತರ ನನಗೆ ಈವರೆಗೆ ಸಿಕ್ಕಿಲ್ಲ.

ಆದರೂ ಹಲವು ಅಂತ್ಯಗಳಿರುವುದು ಇನ್ನೊಂದು ನಿಜವನ್ನು ತೋರಿಸುತ್ತದೆ. ಪಾರಾದವರ ಕಥೆಯನ್ನಷ್ಟೇ ಓದುವಾಗ ಅದು ಹಾಗೆಯೇ ಆಗಬೇಕಿತ್ತೇನೋ, ಧೈರ್ಯಕ್ಕೆ ತಕ್ಕ ಫಲ ಸಿಕ್ಕಿತೇನೋ ಎನಿಸುತ್ತದೆ. ಈ ಆಟದಲ್ಲಿ ಅಂಥ ಭರವಸೆ ಇಲ್ಲ. ವಿವೇಕದಿಂದ ಕೊಟ್ಟ ಸಲಹೆ ಅನಾಹುತಕ್ಕೆ ಒಯ್ಯಬಹುದು, ಅಳುಕುತ್ತ ಕೊಟ್ಟದ್ದು ದಡ ಸೇರಿಸಬಹುದು. ದಾಟಿದವರಿಗೂ ಮುಳುಗಿದವರಿಗೂ ನಡುವೆ ಇದ್ದದ್ದು ಎಷ್ಟೋ ಸಲ ಬರೀ ಅದೃಷ್ಟ ಎಂಬುದನ್ನು ಒಂದೇ ಎಳೆಯಲ್ಲಿ ಸಾಗುವ ವರದಿ ಹೇಳಬಲ್ಲದು. ಆದರೆ ನಾವೇ ಕೊಟ್ಟ ಸಲಹೆಯ ಫಲವಾಗಿ ಅದನ್ನು ಕಂಡಾಗ ತಟ್ಟುವ ರೀತಿಯೇ ಬೇರೆ. ದೀರ್ಘ ವರದಿಗಳನ್ನು ಓದುವ ರೂಢಿಯಿಲ್ಲದ ಎಳೆಯರೂ ಈ ದಾರಿಯಿಂದ ವಿಷಯದ ಬಳಿಗೆ ಬರುತ್ತಾರೆ ಎಂಬುದನ್ನೂ ಇದರ ಜೊತೆಗೇ ಎಣಿಸಬೇಕು.

ಹಾಗೆ ತಟ್ಟಿದ್ದರಿಂದ ಏನಾಯಿತು ಎಂಬಲ್ಲಿ ಸಂಶಯಿಗಳು ಮತ್ತೆ ತಡೆಯುತ್ತಾರೆ. ಅಮೆರಿಕದ ಆ್ಯನಾ ಆಂಥ್ರೊಪಿ 2012ರಲ್ಲಿ ತಮ್ಮದೇ ಲಿಂಗಪರಿವರ್ತನೆಯ ಚಿಕಿತ್ಸೆಯ ದಿನಗಳನ್ನು ‘ಡಿಸ್ಫೋರಿಯಾ’ ಎಂಬ ಆಟವಾಗಿಸಿದ್ದರು. ಅದನ್ನು ಹತ್ತಾರು ನಿಮಿಷ ಆಡಿದವರು ಆಕೆಯ ಕಷ್ಟ ತಮಗೆ ಅರ್ಥವಾಯಿತು ಎನ್ನತೊಡಗಿದಾಗ ಆಕೆಗೆ ಕಸಿವಿಸಿಯಾಯಿತು. 2015ರಲ್ಲಿ ನ್ಯೂಯಾರ್ಕಿನ ಬೇಬಿಕ್ಯಾಸಲ್ಸ್ ಗ್ಯಾಲರಿಯಲ್ಲಿ ಅವರು ತಾವು ಹಾಕಿಕೊಳ್ಳುತ್ತಿದ್ದ ಒಂದು ಜೊತೆ ಬೂಟುಗಳನ್ನು ಹೆಜ್ಜೆ ಎಣಿಸುವ ಯಂತ್ರದ ಜೊತೆ ಇಟ್ಟರು. ಬಂದವರು ಅವನ್ನು ಮೆಟ್ಟಿ ನಡೆಯಬಹುದಿತ್ತು, ನಡೆದ ದೂರಕ್ಕೆ ತಕ್ಕಂತೆ ಅಂಕ. ಎಷ್ಟು ಮೈಲಿ ನಡೆದರೂ ಬೂಟಿನ ಒಡತಿಯ ಬದುಕು ನಡೆದವರಿಗೆ ಸಿಕ್ಕುವುದಿಲ್ಲ ಎಂಬುದೇ ಅದರ ಹುರುಳು. ನೊಂದವರೊಬ್ಬರು ಸ್ವತಃ ಈ ಮಾತು ಹೇಳುವಾಗ ಅದಕ್ಕೆ ತಲೆಬಾಗದೆ ಉಪಾಯವಿಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಬ್ಲೂಮ್ 2016ರ ತಮ್ಮ ಪುಸ್ತಕದಲ್ಲಿ ಅನುಭೂತಿಯೇ ನೀತಿಗೆ ಒಳ್ಳೆಯ ದಾರಿದೀಪವಲ್ಲ ಎಂದು ವಾದಿಸಿದ್ದಾರೆ. ಕಣ್ಣೆದುರಿನ ಒಬ್ಬರಿಗಾಗಿ ಮರುಗುವ ಮನಸ್ಸು ಕಣ್ಣಿಗೆ ಬೀಳದ ಸಾವಿರಾರು ಜನರನ್ನು ಮರೆಯಬಲ್ಲದು ಎಂಬ ಅವರ ವಾದವೂ ಇಲ್ಲಿ ಸಲ್ಲುತ್ತದೆ.

ಈ ಸಂಶಯವನ್ನು ಇಟ್ಟುಕೊಂಡೇ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಆಟದ ಹತ್ತಿರ ಹೋಗಬೇಕು. ಈ ಇಡೀ ಚರ್ಚೆಯಲ್ಲಿ ಅತ್ಯಂತ ಕಷ್ಟದ ಉದಾಹರಣೆ ಅದು. ಅಮೆರಿಕದ ಕೊಲರಾಡೊದ ರಯಾನ್ ಮತ್ತು ಏಮಿ ಗ್ರೀನ್ ದಂಪತಿಯ ಮಗ ಜೋಯೆಲ್‌ಗೆ ಒಂದು ವರ್ಷವಾಗುವ ಹೊತ್ತಿಗೆ ಮಿದುಳಿನ ಕ್ಯಾನ್ಸರ್ ಪತ್ತೆಯಾಯಿತು. ಮಗು ಬದುಕಿರುವಾಗಲೇ, ಗುಣವಾಗಬಹುದೆಂಬ ಆಸೆಯಲ್ಲೇ ತಂದೆತಾಯಿ ಗೆಳೆಯರ ಜೊತೆ ಸೇರಿ ಆಟ ಕಟ್ಟತೊಡಗಿದರು. 2014ರ ಮಾರ್ಚಿನಲ್ಲಿ, ಐದು ವರ್ಷದವನಿದ್ದಾಗ, ಜೋಯೆಲ್ ತೀರಿಕೊಂಡ. ಆಟದ ದಿಕ್ಕು ಬದಲಾಯಿತು. ಬದುಕಿದ್ದರೆ ಅವನಿಗೆ ಏಳು ತುಂಬುತ್ತಿದ್ದ ದಿನ, 2016ರ ಜನವರಿ 12ರಂದು, ಅದು ಬಿಡುಗಡೆಯಾಯಿತು.

ಅದರಲ್ಲಿ ಆಸ್ಪತ್ರೆಯ ಕೋಣೆಯ ಒಂದು ದೃಶ್ಯವಿದೆ. ರಾತ್ರಿ, ಮಗು ಬಾಯಾರಿ ಅಳುತ್ತಿದೆ. ಕುಡಿಸಿದ್ದು ಒಳಗೆ ನಿಲ್ಲುವುದಿಲ್ಲ. ಎತ್ತಿಕೊಂಡರೂ ಅಳು, ತೂಗಿದರೂ ಅಳು. ಆಟಗಾರರು ಪರದೆಯ ಮೇಲೆ ಏನನ್ನೇ ಒತ್ತಲಿ, ಎಲ್ಲಿಗೇ ತಿರುಗಲಿ, ಅಳು ನಿಲ್ಲುವುದಿಲ್ಲ. ಆಟ ಅಂದಮೇಲೆ ಏನೋ ಒಂದು ಉಪಾಯ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ಬಂದ ಕೈ ಅಲ್ಲಿ ಸೋಲುತ್ತದೆ. ಇನ್ನೊಂದೆಡೆ ಜೋಯೆಲ್ ಪುಟ್ಟ ಗಾಡಿಯಲ್ಲಿ ಕೂತು ಆಸ್ಪತ್ರೆಯ ಮೊಗಸಾಲೆಯಲ್ಲಿ ಸುತ್ತು ಹೊಡೆಯುತ್ತಾನೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಆಟಗಾರರು ಹುರುಪಿನಿಂದ ಬಾಚಿಕೊಳ್ಳುತ್ತಾರೆ. ಕೊನೆಗೆ ಲೆಕ್ಕ ಬಂದಾಗ ತಿಳಿಯುತ್ತದೆ, ಬಾಚಿಕೊಂಡದ್ದೆಲ್ಲ ಆ ಮಗುವಿನ ಮೈಗೆ ಹೋದ ಔಷಧಿಗಳು. ಗೆಲ್ಲುವ ಆಸೆಯನ್ನು ಕೆರಳಿಸಿ, ಅದನ್ನೇ ಎದುರಿಗೆ ಹಿಡಿದು ತೋರಿಸುವ ಈ ಕೆಲಸವನ್ನು ಪುಸ್ತಕವಾಗಲಿ ಸಿನಿಮಾವಾಗಲಿ ಇದೇ ರೀತಿ ಮಾಡಲಾರವು. ಆಟ ಎಂದರೆ ಹತೋಟಿಯ ಸುಖ ಎನ್ನುವವರಿಗೆ ನಾನು ಬಲ್ಲ ಅತ್ಯಂತ ಬಲವಾದ ಉತ್ತರ ಇದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಜೋಯೆಲ್ ಒಪ್ಪಿಗೆ ಕೊಡುವ ವಯಸ್ಸಿನವನಾಗಿರಲಿಲ್ಲ. ಅವನ ನಿಜವಾದ ನಗುವೇ ಆಟದಲ್ಲಿ ಕೇಳಿಸುತ್ತದೆ. ಯಾರೋ ಅಪರಿಚಿತರ ಮನೆಗಳಲ್ಲಿ ಆ ನಗು ಕೇಳಿಸಬೇಕೇ ಎಂದು ಅವನನ್ನು ಯಾರಿಗೂ ಕೇಳಲಾಗುತ್ತಿರಲಿಲ್ಲ. ಮಕ್ಕಳ ನೋವು ಹೆತ್ತವರಿಗೆ ಸೇರಿದ್ದೇ? ಭಾಗಶಃ ಹೌದು ಎನ್ನಬೇಕು. ಕೋಣೆಯಲ್ಲಿ ನಿದ್ದೆಗೆಟ್ಟವರು, ಕೊನೆಗೆ ಉಳಿದವರು ಅವರೇ. ಶೋಕವನ್ನು ಹೇಳಿಕೊಳ್ಳುವ ಹಕ್ಕನ್ನು ಅವರಿಂದ ಕಿತ್ತುಕೊಳ್ಳುವುದು ಕ್ರೌರ್ಯ. ಆ ಆಟದ ಆಸ್ಪತ್ರೆಯ ಗೋಡೆಗಳ ಮೇಲೆ, ಹಣ ಸಹಾಯ ಮಾಡಿದ ಎಷ್ಟೋ ಜನ ತಾವು ಕಳೆದುಕೊಂಡವರ ನೆನಪಿಗೆ ಕಳಿಸಿದ ಬರಹಗಳೂ ಚಿತ್ರಗಳೂ ಇವೆ. ಒಬ್ಬರ ಶೋಕ ಹಲವರ ಶೋಕಕ್ಕೆ ಜಾಗ ಮಾಡಿಕೊಟ್ಟಿತು.

ದುಡ್ಡಿನ ವಿಷಯ ಬೇಗ ಮುಗಿಸಬಹುದು. ನೋವನ್ನು ಮಾರುತ್ತಿದ್ದಾರೆ ಎಂಬ ದೂರು ಸುಲಭ. ಆದರೆ ಈ ಆಟವನ್ನು ಆಡುತ್ತ ಮಾಡಿದ ವೀಡಿಯೊಗಳನ್ನು ಲಕ್ಷಾಂತರ ಜನ ಪುಕ್ಕಟೆ ನೋಡಿದರು, ಮಾರಾಟದಿಂದ ತಮಗೆ ಒಂದು ಡಾಲರೂ ಕೈಸೇರಿಲ್ಲ ಎಂದು ರಯಾನ್ ಗ್ರೀನ್ ಬಿಡುಗಡೆಯಾದ ಎರಡು ತಿಂಗಳಿಗೆ ಬರೆದುಕೊಂಡರು. ಇಂಥ ಆಟಗಳಲ್ಲಿ ಲಾಭಕೋರತನ ಹುಡುಕುವವರು ಈ ಲೆಕ್ಕವನ್ನೂ ನೋಡುವುದು ಒಳ್ಳೆಯದು.

ನಿಜ ಎಷ್ಟು, ಕಟ್ಟಿದ್ದು ಎಷ್ಟು ಎಂಬುದು ಬೇರೆಯೇ ತೊಡಕು. ಇರಾನಿ ಮೂಲದ ನವೀದ್ ಖೊನ್ಸಾರಿ 2016ರಲ್ಲಿ ಹೊರತಂದ ‘1979 ರೆವಲ್ಯೂಷನ್: ಬ್ಲ್ಯಾಕ್ ಫ್ರೈಡೇ’ ಆಟ ಇರಾನಿನ ಕ್ರಾಂತಿಯನ್ನು ಕಂಡವರ ಸಂದರ್ಶನಗಳನ್ನು ಆಧರಿಸಿದೆ. ನಾಯಕ ರೆಜಾ ಕಲ್ಪಿತ ಫೋಟೋಗ್ರಾಫರ್. ಅವನು ತೆಗೆದ ಚಿತ್ರದ ಪಕ್ಕದಲ್ಲೇ ಛಾಯಾಗ್ರಾಹಕ ಮಿಶೆಲ್ ಸೆಟ್‌ಬೂನ್ ಆ ದಿನಗಳಲ್ಲಿ ತೆಗೆದ ನಿಜ ಚಿತ್ರಗಳು ಬರುತ್ತವೆ. ಕಲ್ಪಿತ ನಾಯಕ, ನಿಜವಾದ ಬೀದಿ, ನಿಜವಾಗಿ ಇದ್ದ ಜೈಲು ಒಂದರೊಳಗೊಂದು ಬೆರೆತಾಗ ಚರಿತ್ರೆ ತಿಳಿಯದ ಆಟಗಾರರು ಎಲ್ಲವನ್ನೂ ದಾಖಲೆ ಎಂದೇ ತಿಳಿಯುವ ಅಪಾಯವಿದೆ. ಈ ಬೆರಕೆಗೂ ಒಂದು ಸಮರ್ಥನೆ ಇದೆ. ಖೊನ್ಸಾರಿ ಮೇಲೆ ಇರಾನಿನ ಪತ್ರಿಕೆಯೊಂದು ಗೂಢಚಾರಿಕೆಯ ಆರೋಪ ಹೊರಿಸಿತು, ತಂಡದ ಕೆಲವರು ಬೇರೆ ಹೆಸರಿನಲ್ಲಿ ಕೆಲಸ ಮಾಡಬೇಕಾಯಿತು. ಅಂಥಲ್ಲಿ ಸಾಕ್ಷಿ ಹೇಳಿದವರ ಹೆಸರನ್ನು ಕಲ್ಪನೆಯ ಮರೆಯಲ್ಲಿಡುವುದು ಅವರಿಗೆ ಕೊಡುವ ರಕ್ಷಣೆ.

ಹಾಗೆಂದು ಒಳ್ಳೆಯ ಉದ್ದೇಶವಿದ್ದರೆ ಸಾಕು ಎನ್ನಲೂ ಬರುವುದಿಲ್ಲ. ಡೆನ್ಮಾರ್ಕಿನ ಸಂಸ್ಥೆಯೊಂದು ಶಾಲಾ ಮಕ್ಕಳಿಗಾಗಿ 2013ರಲ್ಲಿ ಗುಲಾಮರ ಸಾಗಣೆಯ ಬಗ್ಗೆ ಮಾಡಿದ ಆಟದಲ್ಲಿ, ಹಡಗಿನ ಒಡಲಿಗೆ ಮನುಷ್ಯರ ದೇಹಗಳನ್ನು ಟೆಟ್ರಿಸ್ ಚೌಕಗಳ ಹಾಗೆ ಜೋಡಿಸಿ ತುಂಬುವ ಭಾಗವಿತ್ತು. ಆ ಅಮಾನುಷತೆಯನ್ನು ಮನಗಾಣಿಸುವುದೇ ಉದ್ದೇಶ ಎಂದು ಮಾಡಿದವರು ಹೇಳಿದರು. 2015ರಲ್ಲಿ ವ್ಯಾಪಕ ಖಂಡನೆ ಬಂದಮೇಲೆ ಆ ಭಾಗವನ್ನು ತೆಗೆದರು. ಅವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಸಂದಿ ಬಿಡದಂತೆ ಜೋಡಿಸಿದಾಗ ಬೆರಳಿಗೆ ಸಿಗುವ ತೃಪ್ತಿ ಉದ್ದೇಶವನ್ನು ಕೇಳಿಕೊಂಡು ಬರುವುದಿಲ್ಲ. ಆಟದ ಕಥೆ ಏನನ್ನೇ ಹೇಳಲಿ, ಆಟ ನಮ್ಮ ಕೈಯಿಂದ ಏನು ಮಾಡಿಸುತ್ತದೆ ಎಂಬುದನ್ನೇ ಮೊದಲು ನೋಡಬೇಕು.

ಕೈಯಿಂದ ಏನು ಮಾಡಿಸುತ್ತದೆ ಎಂದು ಕೇಳಿದರೆ, ನಮ್ಮನ್ನು ಎಲ್ಲಿ ಕೂರಿಸುತ್ತದೆ ಎಂದೂ ಕೇಳಬೇಕಾಗುತ್ತದೆ. ಕೋಲ್ಕತ್ತದ ಕಲಾವಿದೆ ಲೀನಾ ಕೆಜ್ರಿವಾಲ್ ಅವರ ತಂಡದ ‘ಮಿಸ್ಸಿಂಗ್’ (2016) ಆಟಗಾರರನ್ನು ಮಾರಾಟಕ್ಕೊಳಗಾದ ಹುಡುಗಿಯ ಜಾಗದಲ್ಲೇ ಕೂರಿಸುತ್ತದೆ. ಎಳೆಯರಿಗೆ ಎಚ್ಚರಿಕೆ ಮುಟ್ಟಿಸಲು ಅಷ್ಟು ನೇರವಾದ ದಾರಿ ಬೇಕಾದೀತು, ಅದನ್ನು ಅಲ್ಲಗಳೆಯಲಾರೆ. ಆದರೆ ನಾನು ಮೇಲೆ ಹೆಸರಿಸಿದ ಎರಡು ಮುಖ್ಯ ಆಟಗಳಲ್ಲಿ ಬೇರೆ ಏರ್ಪಾಡು ಕಾಣುತ್ತದೆ. ಒಂದರಲ್ಲಿ ನಾವು ನೂರ್ ಅಲ್ಲ, ಅವಳಿಗಾಗಿ ಕಾಯುವವರು. ಇನ್ನೊಂದರಲ್ಲಿ ನಾವಿರುವುದು ಹೆಚ್ಚಾಗಿ ಮಂಚದ ಪಕ್ಕದಲ್ಲಿ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯ ಮತ್ತು ಚೆಕ್ ವಿಜ್ಞಾನ ಅಕಾಡೆಮಿಯ ಇತಿಹಾಸಕಾರರು ಸೇರಿ ರೂಪಿಸಿದ ‘ಅಟೆಂಟಾಟ್ 1942’ ಕೂಡ ಹೀಗೆಯೇ. ಅಲ್ಲಿ ಆಟಗಾರರು ನಾಜಿಗಳು ಹಿಡಿದೊಯ್ದ ತಾತನ ಮೊಮ್ಮಕ್ಕಳು. ಅಜ್ಜಿಯನ್ನೂ ಹಿರಿಯರನ್ನೂ ಕೂರಿಸಿಕೊಂಡು ಕೇಳಬೇಕು, ಕೇಳಬಾರದ ರೀತಿಯಲ್ಲಿ ಕೇಳಿದರೆ ಅವರು ಮಾತು ನಿಲ್ಲಿಸಿಬಿಡುತ್ತಾರೆ. ಸಿರಿಯಾದಿಂದ ಪಾರಾಗಿ ಆಸ್ಟ್ರಿಯಾ ಸೇರಿದ ಅಬ್ದುಲ್ಲಾ ಕರಮ್ ತಮ್ಮದೇ ಕಥೆಯನ್ನು ‘ಪಾತ್ ಔಟ್’ (2017) ಎಂಬ ಆಟವಾಗಿಸಿದಾಗ ಆಟಗಾರರ ಕೈಗೆ ತಮ್ಮ ಪಾತ್ರವನ್ನೇ ಕೊಟ್ಟರು, ನಿಜ. ಆದರೆ ಪರದೆಯ ಮೂಲೆಯ ವೀಡಿಯೊದಲ್ಲಿ ತಾವೇ ಕಾಣಿಸಿಕೊಂಡು ಆಟಗಾರರ ನಡೆಗೆ ಪ್ರತಿಕ್ರಿಯಿಸುತ್ತಾರೆ. ಆ ಬದುಕಿನ ಒಡೆಯ ಯಾರು ಎಂಬುದು ಮರೆಯುವಂತಿಲ್ಲ.

ಇಷ್ಟನ್ನೂ ತೂಗಿದ ಮೇಲೆ ನನ್ನ ಒಲವು ಎಚ್ಚರಿಕೆಯಿಂದಲೇ ಇಂಥ ಆಟಗಳ ಪರವಾಗಿ ವಾಲುತ್ತದೆ, ಕೆಲವು ಷರತ್ತುಗಳೊಡನೆ. ನೊಂದವರ ಜಾಗದಲ್ಲಿ ಕೂರಿಸುವ ಆಟಕ್ಕಿಂತ ಅವರ ಪಕ್ಕದಲ್ಲಿ ಕೂರಿಸುವ ಆಟ ಹೆಚ್ಚು ಪ್ರಾಮಾಣಿಕ ಎಂದು ನನಗೆ ತೋರುತ್ತದೆ. ತಾನು ಕೊಡಲಾರದ್ದನ್ನು ಕೊಡುತ್ತೇನೆಂದು ಅದು ಹೇಳುವುದಿಲ್ಲ. ಬದುಕಿರುವವರ ಕಥೆಯಾದರೆ ಅವರು ತಂಡದೊಳಗಿರಬೇಕು, ಇದು ಬೇಡ ಎನ್ನುವ ಅಧಿಕಾರ ಅವರಿಗಿರಬೇಕು. ಹೆಸರು ಮರೆಮಾಚುವುದು ಅಗತ್ಯವಾದರೆ ಮರೆಮಾಚಲಿ, ಆದರೆ ಎಷ್ಟು ಕಲ್ಪಿತ ಎಂಬುದನ್ನು ಆಟವೇ ಹೇಳಲಿ. ಈ ಷರತ್ತುಗಳೂ ಎಲ್ಲವನ್ನೂ ಬಗೆಹರಿಸುವುದಿಲ್ಲ. ಜೋಯೆಲ್‌ನ ವಿಷಯದಲ್ಲಿ ಅವು ಸಾಲವು, ಅಲ್ಲಿ ತಂದೆತಾಯಿಯ ಪ್ರೀತಿಯನ್ನು ನಂಬಬೇಕಾಗುತ್ತದೆ. ಅದನ್ನು ನಂಬಲಾರೆ ಎನ್ನುವವರೊಡನೆ ನಾನು ಜಗಳವಾಡುವುದಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಇಂಥ ಆಟವೊಂದನ್ನು ಮನೆಯ ಮಕ್ಕಳು ಆಡುತ್ತಿದ್ದರೆ ತಡೆಯಬೇಡಿ, ಪಕ್ಕದಲ್ಲಿ ಕೂತು ನೋಡಿ. ಆಟ ಮುಗಿದ ಮೇಲೆ ಹೆಸರುಗಳ ಪಟ್ಟಿ ಬರುತ್ತದೆ, ಸಾಮಾನ್ಯವಾಗಿ ಯಾರೂ ಅದನ್ನು ಓದುವುದಿಲ್ಲ. ಅದನ್ನು ಓದಿ. ಯಾರ ಬದುಕಿನಿಂದ ಈ ಕಥೆ ಬಂದಿತೋ ಅವರಿಗೆ ಅಲ್ಲಿ ಜಾಗ ಸಿಕ್ಕಿದೆಯೇ ಎಂದು ಹುಡುಕಿ. ದಾನಾ ಜರ್ಮನಿ ತಲುಪಿದ್ದಾರೆ. ನೂರ್‌ಳ ಆಟವನ್ನು ರೂಪಿಸಿದವರಲ್ಲಿ ಅವರೂ ಒಬ್ಬರು.